ಕಾಲುವೆಯ ನೀರು, ಬಾಳೆಯ ಬದುಕು



ಹಂಪಿಗೆ ಬರುವ ಪ್ರವಾಸಿಗರು ಕಲ್ಲಿನ ರಥವನ್ನು ನೋಡುತ್ತಾರೆ, ಸಾಸಿವೆಕಾಳು ಗಣೇಶನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಕಮಲಮಹಲಿನ ಕಮಾನುಗಳನ್ನು ಮೆಚ್ಚುತ್ತಾರೆ. ಆದರೆ ಒಂದು ಸ್ಮಾರಕದಿಂದ ಇನ್ನೊಂದು ಸ್ಮಾರಕಕ್ಕೆ ಹೋಗುವ ದಾರಿಯಲ್ಲಿ ಎರಡೂ ಬದಿಗೆ ಹಸಿರು ಗೋಡೆಯಂತೆ ನಿಂತಿರುವ ಬಾಳೆತೋಟಗಳನ್ನು ಅವರು ನೋಡಿಯೂ ನೋಡದವರಂತೆ ದಾಟಿಹೋಗುತ್ತಾರೆ. ಆ ತೋಟಗಳ ಬುಡದಲ್ಲಿ ಸದ್ದಿಲ್ಲದೆ ಹರಿಯುವ ಕಾಲುವೆಯನ್ನಂತೂ ಕೇಳುವವರೇ ಇಲ್ಲ. ನನ್ನ ಮಟ್ಟಿಗೆ ವಿಜಯನಗರದ ಅತಿ ದೊಡ್ಡ ಸ್ಮಾರಕ ಅದೇ. ಅರಮನೆಗಳು ಬಿದ್ದವು, ಬಜಾರುಗಳು ಬರಿದಾದವು, ಆನೆಲಾಯದಲ್ಲಿ ಆನೆಗಳಿಲ್ಲ. ವಿರೂಪಾಕ್ಷನ ಪೂಜೆಯನ್ನು ಬಿಟ್ಟರೆ, ಅಂದು ಯಾವ ಕೆಲಸಕ್ಕಾಗಿ ಹುಟ್ಟಿತೋ ಅದೇ ಕೆಲಸವನ್ನು ಇಂದಿಗೂ ಮಾಡುತ್ತಿರುವುದು ಈ ಕಾಲುವೆಗಳು ಮಾತ್ರ.

ಪ್ರೌಢಶಾಲೆಯಲ್ಲಿ ಮೂರು ದಶಕಗಳ ಕಾಲ ಸಮಾಜ ವಿಜ್ಞಾನ ಕಲಿಸಿದವನು ನಾನು. ಪಠ್ಯಪುಸ್ತಕದಲ್ಲಿ ವಿಜಯನಗರವೆಂದರೆ ರಾಜವಂಶಗಳ ಪಟ್ಟಿ, ಯುದ್ಧಗಳ ಇಸವಿ, ವಿದೇಶಿ ಪ್ರವಾಸಿಗರ ಹೆಸರು. ನನ್ನ ಮುಂದೆ ಕುಳಿತಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಹೊಸಪೇಟೆ, ಕಮಲಾಪುರ, ಕಂಪ್ಲಿ ಕಡೆಯ ಮಾಗಾಣಿ ರೈತರ ಮಕ್ಕಳು. ಅವರಿಗೆ ಗೊತ್ತಿದ್ದ ವಿಜಯನಗರವೇ ಬೇರೆ. ಯಾವ ತೂಬಿನಿಂದ ಯಾವ ಗದ್ದೆಗೆ ನೀರು, ಯಾವ ಬಾಳೆ ಯಾವ ತಿಂಗಳಲ್ಲಿ ಗೊನೆ ಹಾಕುತ್ತದೆ ಎಂಬುದನ್ನು ಅವರು ಪುಸ್ತಕವಿಲ್ಲದೆಯೇ ಹೇಳಬಲ್ಲವರಾಗಿದ್ದರು. ಈ ಎರಡು ವಿಜಯನಗರಗಳನ್ನೂ ಒಂದೆಡೆ ತಂದು ಬರೆಯಬೇಕೆಂಬ ಆಸೆ ಬಹುಕಾಲದ್ದು. ಈ ಬರಹ ಅಂಥದೊಂದು ಪ್ರಯತ್ನ.

ಮೊದಲು ಒಂದು ಸರಳ ಲೆಕ್ಕ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬಾಳೆ ಚೆನ್ನಾಗಿ ಬೆಳೆದು ಗೊನೆ ಬಿಡಬೇಕಾದರೆ ಅದರ ಮೂರರಷ್ಟು ನೀರು, ಅದೂ ವರ್ಷವಿಡೀ ಹದವಾಗಿ, ಬೇಕು. ಅಂದರೆ ಮಳೆಯನ್ನೇ ನಂಬಿದ್ದರೆ ಈ ಬಂಡೆಗಳ ನಾಡಿನಲ್ಲಿ ಜೋಳ, ನವಣೆ, ಸಜ್ಜೆ ಬೆಳೆಯಬಹುದಿತ್ತೇ ಹೊರತು ಬಾಳೆಯನ್ನಲ್ಲ. ಕಾಲುವೆಯಿಂದ ಒಂದು ಮೈಲಿ ಆಚೆಗೆ ಹೋದರೆ ಜಾಲಿಯ ಮುಳ್ಳು, ಈಚೆಗೆ ಬಂದರೆ ಬಾಳೆಯ ನೆರಳು. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವನ್ನು ಉಂಟುಮಾಡಿದ್ದು ಪ್ರಕೃತಿಯಲ್ಲ, ಮನುಷ್ಯನ ದುಡಿಮೆ.

ತುಂಗಭದ್ರೆಗೆ ವಿಜಯನಗರದವರು ಹಾಕಿದ ಅಣೆಕಟ್ಟುಗಳು ಇಂದಿನ ಜಲಾಶಯದಂತೆ ನೀರನ್ನು ಹಿಡಿದಿಡುವಂಥವಲ್ಲ. ನದಿಯೊಳಗಿನ ಹೆಬ್ಬಂಡೆಗಳನ್ನೇ ಆಸರೆಯಾಗಿ ಬಳಸಿಕೊಂಡು, ನಡುವಿನ ಸಂದುಗಳಲ್ಲಿ ದೊಡ್ಡ ಕಲ್ಲುಗಳನ್ನು ಜೋಡಿಸಿ, ನೀರಿನ ಮಟ್ಟವನ್ನು ಕೆಲವು ಅಡಿ ಎತ್ತರಿಸಿ ಪಕ್ಕದ ಕಾಲುವೆಗೆ ತಿರುಗಿಸುವ ತಡೆಗಳು ಅವು. ಪ್ರವಾಹ ಬಂದಾಗ ನೀರು ಅವುಗಳ ತಲೆಯ ಮೇಲೆ ಹರಿದುಹೋಗುತ್ತದೆ, ಕಟ್ಟೆ ಉಳಿಯುತ್ತದೆ. ನದಿಯೊಡನೆ ಸೆಣಸದೆ ನದಿಯನ್ನು ಒಲಿಸಿಕೊಂಡ ಜಾಣ್ಮೆ ಅದು. ಬಲದಂಡೆಯಲ್ಲಿ ರಾಯ, ಬಸವಣ್ಣ, ಬೆಲ್ಲ, ತುರ್ತಾ, ಕಾಳಘಟ್ಟ, ರಾಮಸಾಗರ, ಕಂಪ್ಲಿ, ಬೆಳಗೋಡಹಾಳ, ಸಿರುಗುಪ್ಪ, ದೇಶನೂರು ಕಾಲುವೆಗಳು. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ಮುಂತಾದವು. ಇವೆಲ್ಲ ಸೇರಿ ಇಂದಿಗೂ ಸುಮಾರು 11 ಸಾವಿರ ಹೆಕ್ಟೇರ್ ಭೂಮಿಗೆ ನೀರುಣಿಸುತ್ತವೆ. ತುರ್ತಾ ಕಾಲುವೆಯಂತೂ ಹಂಪಿಯ ಅವಶೇಷಗಳ ನಡುವೆಯೇ, ದೇವಾಲಯಗಳ ಸಾಲಿಗೂ ಅರಮನೆಯ ಆವರಣಕ್ಕೂ ನಡುವಣ ಕಣಿವೆಯಲ್ಲಿ ಹರಿಯುತ್ತದೆ.

1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಪಟ್ಟಣದ ಹೊರಕೋಟೆಯ ಸುತ್ತುಗಳ ನಡುವೆ ಹೊಲಗಳೂ ತೋಟಗಳೂ ಮನೆಗಳೂ ಇದ್ದುದನ್ನು ದಾಖಲಿಸಿದ್ದಾನೆ. ಇದು ಅಲಂಕಾರದ ಮಾತಲ್ಲ. ಶತ್ರು ಮುತ್ತಿಗೆ ಹಾಕಿದಾಗ ಕೋಟೆಯ ಒಳಗೇ ಅನ್ನ ಬೆಳೆಯಬೇಕೆಂಬ ರಾಜನೀತಿ ಇದರ ಹಿಂದೆ ಇದೆಯೆಂದು ನನಗೆ ತೋರುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪಟ್ಟಣವನ್ನು ಬೆಟ್ಟದ ಮೇಲಿನಿಂದ ನೋಡಿ ಬೆರಗಾದವನು. ಮನೆಗಳ ನಡುವಣ ಮರಗಳ ತೋಪುಗಳನ್ನೂ ಅವುಗಳೊಳಗೆ ಹರಿಯುವ ನೀರಿನ ಕಾಲುವೆಗಳನ್ನೂ ಅವನು ವಿಶೇಷವಾಗಿ ಗಮನಿಸಿದ. ಅಡಿಕೆ, ಮಾವು, ಹಲಸು, ನಿಂಬೆ, ಕಿತ್ತಳೆ, ದ್ರಾಕ್ಷಿ, ದಾಳಿಂಬೆಗಳ ಪ್ರಸ್ತಾಪ ಅವನ ಬರಹದಲ್ಲಿದೆ. ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಎಂದು ಪೇಟೆಯ ದರವನ್ನೂ ಬರೆದಿಟ್ಟಿದ್ದಾನೆ. ಹಣ್ಣಿನ ತೋಟ, ಪೇಟೆ, ದರ, ಈ ಮೂರೂ ಐನೂರು ವರ್ಷಗಳ ಹಿಂದೆಯೇ ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1521ರಲ್ಲಿ ಕೃಷ್ಣದೇವರಾಯ ಕೊರಗಲ್ಲಿನ ಅಣೆಕಟ್ಟನ್ನೂ ಬಸವಣ್ಣ ಕಾಲುವೆಯನ್ನೂ ಕಟ್ಟಿಸಿದ. ನಾಗಲಾಪುರವೆಂಬ ಹೊಸ ಪಟ್ಟಣವನ್ನು, ಅಂದರೆ ನಮ್ಮ ಹೊಸಪೇಟೆಯನ್ನು, ನೆಲೆಗೊಳಿಸಿದವನೂ ಅವನೇ. ಸಂಡೂರು ಬೆಟ್ಟಗಳು ಹೊಸಪೇಟೆಯತ್ತ ಬಾಯಿ ತೆರೆಯುವ ಕಣಿವೆಗೆ ಅಡ್ಡಲಾಗಿ ದೊಡ್ಡ ಏರಿಯೊಂದನ್ನು ಹಾಕಿಸಿ ಕೆರೆ ಮಾಡಿಸಿದ. ಆ ಕೆಲಸಕ್ಕೆ ಜೋಆಂವ್ ದೆ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ಸಲಹೆಯನ್ನೂ ಪಡೆದ. ಈ ಕಥೆಯನ್ನು ಹೇಳಿದವನು ನ್ಯೂನಿಜ್. ಅವನು ಹೇಳುವ ಇನ್ನೊಂದು ಸಂಗತಿ ನನಗೆ ಕೆರೆಗಿಂತಲೂ ಮುಖ್ಯವೆನಿಸುತ್ತದೆ. ಆ ಕೆರೆಯ ನೀರು ಹರಿದ ಭೂಮಿಯನ್ನು ಗದ್ದೆ ತೋಟಗಳನ್ನಾಗಿ ಮಾಡಿಕೊಳ್ಳುವವರಿಗೆ ಅರಸು ಒಂಬತ್ತು ವರ್ಷಗಳ ಕಾಲ ಕಂದಾಯ ಬಿಟ್ಟುಕೊಟ್ಟನಂತೆ. ತೋಟವೆಂದರೆ ಇಂದು ನೆಟ್ಟು ನಾಳೆ ಕೊಯ್ಯುವ ವ್ಯವಹಾರವಲ್ಲ, ನೆಲ ಸಮ ಮಾಡಿ, ಬದು ಹಾಕಿ, ಬಸಿಗಾಲುವೆ ತೆಗೆದು, ಮಣ್ಣು ಹದಗೊಳ್ಳಲು ವರ್ಷಗಳೇ ಬೇಕು ಎಂಬುದು ಅರಸನಿಗೆ ತಿಳಿದಿತ್ತು. ಕೆರೆ ಕಾಲುವೆಗಳನ್ನು ತೋಡಿಸಿ ಬಡ ಒಕ್ಕಲಿಗನಿಗೆ ರಿಯಾಯಿತಿ ಕೊಟ್ಟರೆ ರಾಜ್ಯವೂ ಬೆಳೆಯುತ್ತದೆ ಎಂಬ ಅಭಿಪ್ರಾಯ ಅವನದೇ ಕೃತಿಯಾದ 'ಆಮುಕ್ತಮಾಲ್ಯದ'ದಲ್ಲಿಯೂ ಇದೆ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ನಡೆಯಿತು. ಪಟ್ಟಣ ಲೂಟಿಯಾಯಿತು. ಇಲ್ಲಿಗೆ ನಮ್ಮ ಪಠ್ಯಪುಸ್ತಕಗಳು ಅಧ್ಯಾಯವನ್ನು ಮುಗಿಸಿಬಿಡುತ್ತವೆ. ಆದರೆ ಮಾಗಾಣಿಯ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಅರಮನೆ ಬಿದ್ದರೆ ಅದನ್ನು ಮತ್ತೆ ಕಟ್ಟುವ ಅಗತ್ಯ ಯಾರಿಗೂ ಕಾಣಲಿಲ್ಲ. ಕಾಲುವೆ ಒಡೆದರೆ ಅದನ್ನು ಮುಚ್ಚುವ ಅಗತ್ಯ ಊರಿಗೆ ಊರಿಗೇ ಇತ್ತು. ಹೂಳು ತೆಗೆಯುವವರು, ತೂಬು ಕಾಯುವವರು, ಸರದಿಯಂತೆ ನೀರು ಬಿಡುವ ನೀರುಗಂಟಿಗಳು ಇಲ್ಲದಿದ್ದರೆ ಮಣ್ಣಿನ ಕಾಲುವೆ ಕೆಲವೇ ವರ್ಷಗಳಲ್ಲಿ ಹಳ್ಳವಾಗಿಬಿಡುತ್ತದೆ. ಹಂಪಿಯ ಕಾಲುವೆಗಳು ಉಳಿದಿವೆಯೆಂದರೆ, ಹೆಸರಿಲ್ಲದ ಸಾವಿರಾರು ಜನ ತಲೆಮಾರುಗಳ ಕಾಲ ಸನಿಕೆ ಹಿಡಿದಿದ್ದಾರೆ ಎಂದೇ ಅರ್ಥ. ಅವರ ಶಾಸನ ಎಲ್ಲಿಯೂ ಇಲ್ಲ. ಹರಿಯುವ ನೀರೇ ಅವರ ಶಾಸನ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಒಪ್ಪಿಸಿದ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದು ರೈತರಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಗೆ ರೂಪ ಕೊಟ್ಟ. ಅಂದಿನಿಂದ ಖುಷ್ಕಿ, ತರಿ, ಬಾಗಾಯ್ತು ಎಂಬ ಪದಗಳು ನಮ್ಮ ರೈತರ ಬಾಯಲ್ಲಿಯೂ ನಿತ್ಯದ ಮಾತಾದವು. 1876-78ರ ಬರಗಾಲದಲ್ಲಿ ಬಳ್ಳಾರಿ ಜಿಲ್ಲೆ ಅನುಭವಿಸಿದ ಸಂಕಟ ಚರಿತ್ರೆಯಲ್ಲಿ ದಾಖಲಾಗಿದೆ. ನನ್ನ ಅಜ್ಜಿಯ ಕಾಲದವರು ಅದನ್ನು 'ಡೌಗಿ ಬರ' ಎಂದು ಕರೆಯುತ್ತಿದ್ದರು. 1880ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನು ಬೆಸೆಯುವ ರೈಲುದಾರಿ ಬಂದಿತು. ಬರಗಾಲದಲ್ಲಿ ಧಾನ್ಯ ಸಾಗಿಸಲು ದಾರಿ ಬೇಕೆಂಬ ಚಿಂತನೆಯೇ ಇಂಥ ದಾರಿಗಳಿಗೆ ಮುಖ್ಯ ಪ್ರೇರಣೆ. ಆದರೆ ಅದರಿಂದ ತೋಟದ ಬೆಳೆಗೂ ದೂರದ ಪೇಟೆಯ ಬಾಗಿಲು ತೆರೆಯಿತು. ಎತ್ತಿನ ಗಾಡಿಯಲ್ಲಿ ಎರಡು ದಿನ ಸಾಗಿದರೆ ಬಾಳೆಹಣ್ಣು ಕಪ್ಪಾಗುತ್ತದೆ. ರೈಲಿನಲ್ಲಿ ಒಂದು ರಾತ್ರಿಯಲ್ಲಿ ಹುಬ್ಬಳ್ಳಿ ಸೇರುತ್ತದೆ.

1930ರ ದಶಕದಲ್ಲಿ ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಅಲ್ಲಿಂದ ಮುಂದೆ ಮಾಗಾಣಿಯಲ್ಲಿ ಕಬ್ಬು ಮತ್ತು ಬಾಳೆ ಅಣ್ಣತಮ್ಮಂದಿರಂತೆ ಬೆಳೆದವು. ಕಬ್ಬಿಗೆ ಕೊಳ್ಳುವವನು ಗೊತ್ತು, ದರ ಗೊತ್ತು, ಹಣ ತಡವಾದರೂ ಬರುತ್ತದೆ. ಬಾಳೆಗೆ ಹಣ ಬೇಗ, ಆದರೆ ದರ ಗಾಳಿಪಟ. ಒಂದು ಮನೆಯಲ್ಲಿ ಎರಡು ಎಕರೆಯಿದ್ದರೆ ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಬಾಳೆ ಇಡುವುದು ವಿವೇಕವಾಗಿತ್ತು. ಕಾರ್ಖಾನೆ ಕೆಲವು ವರ್ಷಗಳ ಹಿಂದೆ ಮುಚ್ಚಿದಾಗ ಈ ಸಮತೋಲ ಕದಡಿತು. ಕಬ್ಬನ್ನು ದೂರದ ಕಾರ್ಖಾನೆಗಳಿಗೆ ಸಾಗಿಸಬೇಕು ಅಥವಾ ಆಲೆಮನೆಗೆ ಹಾಕಬೇಕು. ಹೀಗಾಗಿ ಬಾಳೆಯ ಮೇಲಿನ ಭಾರ ಹೆಚ್ಚಿತು.

ಇನ್ನು ಜಲಾಶಯದ ಮಾತು. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದು, 1953ರ ಜುಲೈ 1ರಂದು ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ಮೊದಲ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮದರಾಸು ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಜಲಾಶಯದ ಒಡಲಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ದೊಡ್ಡ ಊರೇ ನೀರ ಪಾಲಾಗಿ ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕೃಷ್ಣದೇವರಾಯನ ಕಾಲದ ಹಳೆಯ ಅಣೆಕಟ್ಟುಗಳಲ್ಲಿ ಮೇಲಿನವು ಮುಳುಗಿದವು. ರಾಯ, ಬಸವಣ್ಣ ಕಾಲುವೆಗಳಿಗೆ ಅಂದಿನಿಂದ ಜಲಾಶಯದಿಂದಲೇ ನೀರು. ಆದರೆ ಹಳೆಯ ಹಕ್ಕು ಮುಳುಗಲಿಲ್ಲ. ಹೊಸ ಕಾಲುವೆಗಳ ರೈತರಿಗೆ ವರ್ಷದ ಕೆಲವು ತಿಂಗಳು ಮಾತ್ರ ನೀರಾದರೆ, ವಿಜಯನಗರ ಕಾಲುವೆಗಳಿಗೆ ವರ್ಷದಲ್ಲಿ 11 ತಿಂಗಳು ನೀರು ಬಿಡುವ ಪದ್ಧತಿ ಉಳಿದುಕೊಂಡಿತು. ಒಂದು ತಿಂಗಳ ಬಿಡುವು ಹೂಳು ತೆಗೆಯಲು, ದುರಸ್ತಿ ಮಾಡಲು. ನಮ್ಮ ಮಾಗಾಣಿಯಲ್ಲಿ ಬಾಳೆ ಇದೆ, ಹೊಸ ಅಚ್ಚುಕಟ್ಟಿನಲ್ಲಿ ಭತ್ತವೇ ಹೆಚ್ಚು ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದುದುಂಟು. ಉತ್ತರ ಈ 11 ತಿಂಗಳಲ್ಲಿದೆ. ಭತ್ತ ನಾಲ್ಕೈದು ತಿಂಗಳಲ್ಲಿ ಮುಗಿಯುವ ಬೆಳೆ. ಬಾಳೆಗೆ ನೆಟ್ಟಲ್ಲಿಂದ ಗೊನೆ ಕಡಿಯುವವರೆಗೆ ಒಂದು ವರ್ಷ, ಕೆಲವು ತಳಿಗಳಿಗೆ ಅದಕ್ಕೂ ಹೆಚ್ಚು.

ತೋಟದ ಕೆಲಸವನ್ನು ಕಂಡಿರದ ನಗರವಾಸಿ ಮೊಮ್ಮಕ್ಕಳಿಗಾಗಿ ಒಂದೆರಡು ಮಾತು. ಬಾಳೆ ಮರವಲ್ಲ, ಬೃಹತ್ ಗಾತ್ರದ ಗಿಡ. ನಾವು ಕಾಂಡವೆಂದು ತಿಳಿಯುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಆ ಗಡ್ಡೆಯಿಂದ ಹೊರಡುವ ಕಂದುಗಳಲ್ಲಿ ಕತ್ತಿಯಂತೆ ಕಿರಿದಾದ ಎಲೆಯಿರುವ, ಗಟ್ಟಿಮುಟ್ಟಾದ ಕಂದನ್ನು ಆರಿಸಿ ಐದಾರು ಅಡಿ ಅಂತರದಲ್ಲಿ ನೆಡುತ್ತಾರೆ. ತಾಯಿಯ ಸುತ್ತ ಹುಟ್ಟುವ ಮರಿಗಳನ್ನು ಕಾಲಕಾಲಕ್ಕೆ ಕೊಯ್ದು ಒಂದನ್ನು ಮಾತ್ರ ಉಳಿಸುತ್ತಾರೆ. ತಾಯಿ ಗೊನೆ ಕೊಟ್ಟು ಸಾಯುವಾಗ ಆ ಮರಿ ಮುಂದಿನ ವರ್ಷದ ಕೂಳೆ ಬೆಳೆಯಾಗಿ ನಿಂತಿರುತ್ತದೆ. ಗೊನೆ ಮೂಡಿದ ಮೇಲೆ ಭಾರಕ್ಕೆ ಗಿಡ ಬಾಗದಂತೆ ಕೋಲು ಕೊಡಬೇಕು. ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಮಾಗಾಣಿಯ ಪ್ರತಿಯೊಂದು ತೋಟಕ್ಕೂ ನೀರು ತರುವ ಕಾಲುವೆಯಷ್ಟೇ ನೀರನ್ನು ಹೊರಹಾಕುವ ಬಸಿಗಾಲುವೆಯೂ ಮುಖ್ಯ.

ನಮ್ಮ ಸೀಮೆಯ ಹೆಸರು ಹೇಳಿಸಿದ ತಳಿ ಸುಗಂಧಿ. ಸಿಹಿಯಲ್ಲಿ ತುಸು ಹುಳಿ ಬೆರೆತ, ಹಣ್ಣಾದಾಗ ಮನೆಯೆಲ್ಲ ಘಮಘಮಿಸುವ ಬಾಳೆ. ಏಲಕ್ಕಿ ಬಾಳೆಯೂ ಉಂಟು. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿದ 'ಜಿ-9' ಸಸಿಗಳೂ ಬಂದವು. ಅವು ಒಂದೇ ಸಮನಾಗಿ ಬೆಳೆಯುತ್ತವೆ, ಗೊನೆ ದೊಡ್ಡದು, ಪೇಟೆಯಲ್ಲಿ ನೋಟ ಚೆನ್ನ. ಆದರೆ ದೇವರ ಮುಂದಿಡಲು ಇಂದಿಗೂ ನಮ್ಮ ಹೆಂಗಸರು ಕೇಳುವುದು ಸುಗಂಧಿಯನ್ನೇ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ 'ಕಮಲಾಪುರ ಕೆಂಪು ಬಾಳೆ' ನಮ್ಮ ಹಂಪಿಯ ಪಕ್ಕದ ಕಮಲಾಪುರದ್ದಲ್ಲ, ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಹೆಸರೊಂದೇ, ಊರು ಬೇರೆ. ಅಂಥದೇ ಮಾನ್ಯತೆ ಪಡೆದ ನಂಜನಗೂಡಿನ ರಸಬಾಳೆ ಪನಾಮ ಸೊರಗು ರೋಗಕ್ಕೆ ತುತ್ತಾಗಿ ಹೇಗೆ ವಿರಳವಾಯಿತೆಂಬುದನ್ನು ನಾವು ಮರೆಯಬಾರದು. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿ ಕೂರುವ ಈ ರೋಗವೇ 20ನೆಯ ಶತಮಾನದ ನಡುವಿನಲ್ಲಿ ಮಧ್ಯ ಅಮೆರಿಕದ 'ಗ್ರೋ ಮಿಷೆಲ್' ತಳಿಯನ್ನು ವ್ಯಾಪಾರದಿಂದಲೇ ಹೊರಗಟ್ಟಿತು. ಒಂದೇ ತಳಿಯನ್ನು ನಂಬಿದವನು ಒಂದೇ ಪೆಟ್ಟಿಗೆ ಬೀಳುತ್ತಾನೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಬಾದಾಮಿ ತೋಟಗಳ ಚಿತ್ರಗಳನ್ನು ಕಳಿಸಿ, "ಸಾರ್, ಇಲ್ಲಿಯೂ ನಮ್ಮ ಮಾಗಾಣಿಯ ಹಾಗೆ ಒಣನೆಲದಲ್ಲಿ ಕಾಲುವೆ ನೀರಿನ ತೋಟಗಳೇ" ಎಂದು ಬರೆದಿದ್ದ. ಹೋಲಿಕೆ ಸರಿಯಾಗಿಯೇ ಇದೆ. ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಳೆಯುವುದು ಆ ಒಂದು ರಾಜ್ಯದಲ್ಲಿ. ಫೆಬ್ರವರಿಯಲ್ಲಿ ಹೂ ಬಿಡುವಾಗ ಪರಾಗಸ್ಪರ್ಶಕ್ಕೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುತ್ತಾರೆ; ಆಗಸ್ಟಿನಿಂದ ಯಂತ್ರಗಳು ಮರವನ್ನು ಹಿಡಿದು ಅಲುಗಾಡಿಸಿ ಕಾಯಿ ಉದುರಿಸುತ್ತವೆ; ಅದು ನೆಲದ ಮೇಲೆ ಒಣಗಿ, ಸಿಪ್ಪೆ ಸುಲಿಸಿಕೊಂಡು ಗೋದಾಮು ಸೇರುತ್ತದೆ. ನಮ್ಮ ಮನೆಯ ಪಾಯಸಕ್ಕೆ ಬೀಳುವ ಬಾದಾಮಿಯಲ್ಲಿಯೂ ಬಹುಪಾಲು ಅಲ್ಲಿಂದಲೇ ಬಂದದ್ದು. ಶಾಲೆಯ ಅಂಗಳದಲ್ಲಿ ನೀವು ಕಲ್ಲು ಹೊಡೆದು ಉದುರಿಸಿ ತಿನ್ನುತ್ತಿದ್ದ ಕಾಡುಬಾದಾಮಿಗೂ ಅದಕ್ಕೂ ಹೆಸರಿನ ನಂಟು ಮಾತ್ರ!

ಆದರೆ ಒಂದು ಮುಖ್ಯವಾದ ವ್ಯತ್ಯಾಸವಿದೆ. ಬಾದಾಮಿ ಕಾಯುತ್ತದೆ, ಬಾಳೆ ಕಾಯುವುದಿಲ್ಲ. ದರ ಬಿದ್ದರೆ ಬಾದಾಮಿಯ ಬೆಳೆಗಾರ ಗೋದಾಮಿನ ಬೀಗ ಹಾಕಿ ತಿಂಗಳುಗಟ್ಟಲೆ ಕೂರಬಲ್ಲ. ಅಲ್ಲಿನ ಬೆಳೆಗಾರರು 1910ರಲ್ಲಿಯೇ ಸಹಕಾರ ಸಂಘ ಕಟ್ಟಿಕೊಂಡು ವ್ಯಾಪಾರಿಗಳೊಡನೆ ಒಟ್ಟಾಗಿ ಮಾತನಾಡಲು ಕಲಿತರು. ನಮ್ಮಲ್ಲಿಯೇ ಅಡಿಕೆಗೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅಡಿಕೆಯೂ ಕಾಯಬಲ್ಲ ಬೆಳೆ. ಬಾಳೆಗೊನೆ ಹಾಗಲ್ಲ. ಕಾಯಿಯ ಏಣುಗಳು ತುಂಬಿ ದುಂಡಗಾದ ಮೇಲೆ ಕೆಲವೇ ದಿನಗಳಲ್ಲಿ ಕಡಿಯಲೇಬೇಕು. ಕಡಿದದ್ದು ವಾರದೊಳಗೆ ಹಣ್ಣಾಗುತ್ತದೆ, ಹಣ್ಣಾದದ್ದು ಎರಡು ಮೂರು ದಿನಗಳಲ್ಲಿ ಕಪ್ಪಾಗುತ್ತದೆ. ತಡೆದು ನಿಲ್ಲುವ ಶಕ್ತಿ ಸರಕಿಗೆ ಇಲ್ಲವಾದ್ದರಿಂದ ಚೌಕಾಸಿ ಮಾಡುವ ಶಕ್ತಿ ರೈತನಿಗೂ ಇಲ್ಲ.

ಪೇಟೆಯ ದಾರಿ ಹೀಗಿದೆ. ವ್ಯಾಪಾರಿ ತೋಟಕ್ಕೆ ಬಂದು, ಗೊನೆಗಳನ್ನು ನೋಡಿ, ದರ ಮುರಿದು, ಮುಂಗಡ ಕೊಟ್ಟುಹೋಗುತ್ತಾನೆ. ಕಡಿಯುವ ಆಳುಗಳೂ ಲಾರಿಯೂ ಅವನದೇ. ಗೊನೆಯ ದಿಂಡಿನ ತೂಕವೆಂದು ಒಂದಿಷ್ಟು ಕಳೆಯುತ್ತಾರೆ. ಲಾರಿಯ ತಳಕ್ಕೆ ಬಾಳೆಎಲೆ ಹಾಸಿ, ಗೊನೆಗಳನ್ನು ಒತ್ತಾಗಿ ನಿಲ್ಲಿಸಿ, ಮೇಲೆ ಮತ್ತೆ ಎಲೆ ಮುಚ್ಚುತ್ತಾರೆ. ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದುಗಳ ಮಂಡಿಗಳಲ್ಲಿ ದಲ್ಲಾಳಿಯ ಕೈಗೆ ಹೋಗಿ, ಮಾಗಿಸುವ ಕೋಣೆ ಹೊಕ್ಕು, ಚಿಪ್ಪು ಚಿಪ್ಪಾಗಿ ಬೇರ್ಪಟ್ಟು ತಳ್ಳುಗಾಡಿ ಸೇರುತ್ತದೆ. ಹಿಂದೆ ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರು. ನಡುವೆ ಕ್ಯಾಲ್ಸಿಯಂ ಕಾರ್ಬೈಡಿನ ಕೆಟ್ಟ ಚಾಳಿ ಹಬ್ಬಿತು. ಕಾನೂನು ಅದನ್ನು ನಿಷೇಧಿಸಿದೆ. ಈಗ ಹಣ್ಣು ತಾನಾಗಿಯೇ ಹೊರಸೂಸುವ ಎಥಿಲೀನ್ ಅನಿಲವನ್ನೇ ನಿಯಮಿತ ಪ್ರಮಾಣದಲ್ಲಿ ಬಳಸುವ ತಂಪು ಕೋಣೆಗಳಿವೆ. ಆದರೆ ಅವು ಇರುವುದು ವ್ಯಾಪಾರಿಯ ಕಡೆ, ಬೆಳೆಗಾರನ ಕಡೆ ಅಲ್ಲ. ಗ್ರಾಹಕ ಕೊಡುವ ಹಣದಲ್ಲಿ ಬೆಳೆಗಾರನ ಪಾಲು ಏಕೆ ಸಣ್ಣದೆಂಬುದಕ್ಕೆ ಈ ಒಂದು ಸಂಗತಿಯೇ ಸಾಕು.

ದರಕ್ಕೂ ಪಂಚಾಂಗಕ್ಕೂ ನಂಟು. ಶ್ರಾವಣ, ಗೌರಿ ಗಣೇಶ, ದಸರಾ, ದೀಪಾವಳಿಗಳಲ್ಲಿ ಬಾಳೆಗೆ ಬೆಲೆ. ಮಾವಿನ ಕಾಲ ಬಂತೆಂದರೆ ಬಾಳೆಯನ್ನು ಮೂಸುವವರಿಲ್ಲ. ಹಾಗಾದರೆ ಶ್ರಾವಣಕ್ಕೆ ಸರಿಯಾಗಿ ಗೊನೆ ಬರುವಂತೆ ಲೆಕ್ಕ ಹಾಕಿ ನೆಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಅದೇ ಲೆಕ್ಕ ಹಾಕುವುದರಿಂದ ಶ್ರಾವಣದಲ್ಲಿಯೂ ಕೆಲವೊಮ್ಮೆ ಪೇಟೆ ತುಂಬಿ ತುಳುಕುತ್ತದೆ. ಇನ್ನು ಚೈತ್ರ ವೈಶಾಖಗಳ ಮಳೆಗಾಳಿ. ಒಂದು ಸಂಜೆ ಅರ್ಧ ಗಂಟೆ ಬೀಸಿದರೆ ಸಾಕು, ಗೊನೆ ಹೊತ್ತ ಗಿಡಗಳು ಸಾಲುಸಾಲಾಗಿ ಮಲಗಿರುತ್ತವೆ. ಕಮಲಾಪುರದ ಬಳಿ ಎರಡು ಎಕರೆ ತೋಟ ಮಾಡುತ್ತಿರುವ ನನ್ನ ಶಿಷ್ಯನೊಬ್ಬ ಹೇಳಿದ ಮಾತು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ: "ಸಾರ್, ಗೊನೆ ಕಡಿದ ದಿನ ರೇಟು ಅವರದು, ಗಾಳಿ ಬೀಸಿದ ದಿನ ಲುಕ್ಸಾನು ನಮ್ಮದು."

ಗಾಳಿಯ ಜೊತೆಗೆ ಪ್ರವಾಹ. ಜಲಾಶಯ ತುಂಬಿ ನದಿಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುತ್ತದೆ, ದಡದ ತೋಟಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ ಪ್ರವಾಸಿಗರನ್ನು ಪಾರುಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ನದಿಯಂಚಿನ ಬೆಳೆಗಾರನ ಮುಳುಗಿದ ಬೆಳೆ ಅಷ್ಟು ದೊಡ್ಡ ಸುದ್ದಿಯಾಗುವುದಿಲ್ಲ.

ಸಂಡೂರಿನ ಕಡೆಯಿಂದ ಬಂದ ಪೆಟ್ಟು ಬೇರೆ ಬಗೆಯದು. ಘೋರ್ಪಡೆ ಮನೆತನದ ಆಳ್ವಿಕೆಯ ಪುಟ್ಟ ಸಂಸ್ಥಾನವಾಗಿದ್ದ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ತೆಗೆಯುವ ಕೆಲಸ 20ನೆಯ ಶತಮಾನದ ಆರಂಭದಿಂದಲೂ ಇತ್ತು. ಆದರೆ 2000ದ ದಶಕದಲ್ಲಿ ವಿದೇಶಿ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದಾಗ ನಡೆದದ್ದು ಗಣಿಗಾರಿಕೆಯಲ್ಲ, ಬೆಟ್ಟಗಳ ಬೇಟೆ. ಹಗಲಿರುಳು ಅದಿರಿನ ಲಾರಿಗಳು. ಸಂಡೂರು ಹೊಸಪೇಟೆ ರಸ್ತೆಯ ಬದಿಯ ಗಿಡಗಳ ಎಲೆಗಳು ಹಸಿರು ಮರೆತು ಕೆಂಪಾದವು. ತೋಟದ ಕೂಲಿಯವರು ಗಣಿಗೆ ಹೋದರು. ಕೆಲವರು ಹೊಲಗಳನ್ನೇ ಅದಿರು ಸುರಿಯಲು ಬಾಡಿಗೆಗೆ ಕೊಟ್ಟರು. ವರ್ಷವಿಡೀ ಬೆವರು ಸುರಿಸಿದರೂ ಸಿಗದ ಹಣ ಸುಮ್ಮನೆ ಕುಳಿತಲ್ಲಿಗೆ ಬರುವಾಗ ಯಾರನ್ನು ದೂರುವುದು? ಲೋಕಾಯುಕ್ತರ ವರದಿಗಳು ಬಂದವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಕಟ್ಟುಪಾಡುಗಳೊಡನೆ ಅದು ಮತ್ತೆ ಆರಂಭವಾಯಿತು. ಈ ನಡುವೆ ನಾವು ಕಲಿತ ಪಾಠ ಒಂದು: ಅದಿರು ಒಮ್ಮೆ ಮಾತ್ರ ಬೆಳೆಯುವ ಬೆಳೆ, ಅದಕ್ಕೆ ಕೂಳೆ ಇಲ್ಲ.

2024ರ ಆಗಸ್ಟ್ 10ರ ರಾತ್ರಿಯನ್ನು ಈ ಸೀಮೆಯ ಯಾರೂ ಮರೆಯಲಾರರು. ತುಂಬಿದ್ದ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷಗಳಲ್ಲಿ ಎಂದೂ ಕಾಣದ ದೃಶ್ಯ. ಕಾಲುವೆಯ ನೀರನ್ನೇ ನಂಬಿದ್ದ ಮನೆಗಳಲ್ಲಿ ಆ ರಾತ್ರಿ ಯಾರೂ ಕಣ್ಣು ಮುಚ್ಚಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇಂಜಿನಿಯರುಗಳೂ ಕಾರ್ಮಿಕರೂ ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರನ್ನು ತಡೆದರು. ಅದೃಷ್ಟವಶಾತ್ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. ಅನಂತರ 33 ಗೇಟುಗಳನ್ನೂ ಬದಲಿಸಬೇಕೆಂದು ತೀರ್ಮಾನವಾಯಿತು. 2025ರ ಮಳೆಗಾಲದಲ್ಲಿ ಮುನ್ನೆಚ್ಚರಿಕೆಯಾಗಿ ನೀರಿನ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಿದರು. ಹೂಳಿನ ಸಮಸ್ಯೆಯಂತೂ ಇದ್ದೇ ಇದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯಂತೆ 105.79 ಟಿಎಂಸಿಗೆ ಇಳಿದಿದೆ.

ಈ ಎಲ್ಲದರ ನಡುವೆ ಇನ್ನೊಂದು ಒತ್ತಡ ಸದ್ದಿಲ್ಲದೆ ಬೆಳೆಯುತ್ತಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಊರು ಬೆಳೆದಂತೆ ಊರಂಚಿನ ಮಾಗಾಣಿಗೆ ನಿವೇಶನದ ಬೆಲೆ ಬಂದಿದೆ. ನಾನು ಮೇಲೆ ಹೇಳಿದ ಶಿಷ್ಯನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ಅಪ್ಪಾ, ತೋಟ ಮಾರಿಬಿಡು, ಬಡ್ಡಿಯಲ್ಲಿಯೇ ಸುಖವಾಗಿರಬಹುದು" ಎನ್ನುತ್ತಾನಂತೆ. ಲೆಕ್ಕದಲ್ಲಿ ಮಗನ ಮಾತು ತಪ್ಪಲ್ಲ. ತಂದೆ ನನ್ನ ಬಳಿ ಬಂದು ಅಭಿಪ್ರಾಯ ಕೇಳಿದಾಗ ಮಾರಬೇಡವೆಂದು ಉಪದೇಶಿಸುವ ಅಧಿಕಾರ, ತಿಂಗಳು ತಿಂಗಳು ಪಿಂಚಣಿ ಪಡೆಯುವ ನನಗೆ ಇಲ್ಲವೆಂದು ಹೇಳಿದೆ. ಅವನು ಇದುವರೆಗೆ ಮಾರಿಲ್ಲ. ಈ ವರ್ಷವೂ ಸುಗಂಧಿಯನ್ನೇ ಇಟ್ಟಿದ್ದಾನೆ.

ಆದರೆ ಒಬ್ಬ ರೈತನ ಹಟದ ಮೇಲೆ ಒಂದು ಪರಂಪರೆಯನ್ನು ನಿಲ್ಲಿಸುವುದು ನ್ಯಾಯವಲ್ಲ. 1986ರಲ್ಲಿ ಹಂಪಿಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲನ್ನು ಕಾಯಲು ಇಲಾಖೆಗಳಿವೆ, ಕಾಯ್ದೆಗಳಿವೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣವೂ ನಡೆಯಿತು. ಕಾಲುವೆಗೆ ಕಾಂಕ್ರೀಟು ಬಂದಿತು ಸರಿ, ಅದರ ಕೊನೆಯಲ್ಲಿರುವ ರೈತನಿಗೆ ಏನು ಬಂದಿತು? ತೋಟದ ಹತ್ತಿರದಲ್ಲಿಯೇ ಮಾಗಿಸುವ ತಂಪು ಕೋಣೆ, ಬೆಳೆಗಾರರೇ ನಡೆಸುವ ಮಾರಾಟ ಸಂಘ, ಗಾಳಿಗೆ ಬಿದ್ದ ಗಿಡಕ್ಕೆ ತಡವಿಲ್ಲದೆ ಸಿಗುವ ಪರಿಹಾರ, ಇಷ್ಟಾದರೆ ಮಗನ ಲೆಕ್ಕವೂ ಬದಲಾದೀತು. ಮಹಾರಾಷ್ಟ್ರದ ಜಳಗಾಂವದ ಬಾಳೆ ರೈಲಿನಲ್ಲಿ ದೆಹಲಿಯವರೆಗೆ ಹೋಗುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರಿಗಾಗಿ ಬೆಂಗಳೂರಿನಲ್ಲಿ ಆರಂಭವಾದ ಸಂಘವೇ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ನದಿಯಾಚೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಮೂಲಕ ಹೆಣ್ಣುಮಕ್ಕಳು, ನಾವು ಕೊಳೆಯಲು ಬಿಡುವ ಬಾಳೆದಿಂಡಿನ ನಾರಿನಿಂದ ಚೀಲ ಬುಟ್ಟಿಗಳನ್ನು ಹೆಣೆದು ಸಂಪಾದಿಸುತ್ತಿದ್ದಾರೆ. ಆಗದ ಕೆಲಸವೇನಲ್ಲ.

ಒಂಬತ್ತು ವರ್ಷ ಕಂದಾಯ ಬಿಟ್ಟ ಅರಸನಿಗೆ ಲಾಭ ನಷ್ಟದ ಅರಿವು ಇರಲಿಲ್ಲವೆಂದು ಯಾರೂ ಹೇಳಲಾರರು. ಆ ರಿಯಾಯಿತಿಯ ಭೂಮಿಯಿಂದ ಮುಂದೆ ಇಪ್ಪತ್ತು ಸಾವಿರ ವರಹಗಳ ಆದಾಯ ಬಂದಿತೆಂದು ಅದೇ ನ್ಯೂನಿಜ್ ಬರೆಯುತ್ತಾನೆ. ತೋಟಗಾರನನ್ನು ಕಷ್ಟದ ವರ್ಷಗಳಲ್ಲಿ ಹಿಡಿದು ನಿಲ್ಲಿಸಿದರೆ ಒಳ್ಳೆಯ ವರ್ಷಗಳಲ್ಲಿ ಅವನು ಊರನ್ನೇ ಹಿಡಿದು ನಿಲ್ಲಿಸುತ್ತಾನೆ ಎಂಬ ಈ ಸರಳ ಸೂತ್ರ ಐನೂರು ವರ್ಷಗಳಲ್ಲಿ ಹಳತಾಗಿಲ್ಲ.

ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಮಾಗಾಣಿಯ ನೆನಪುಗಳಿವೆ. ನಿಮ್ಮ ತಾತಂದಿರು ಯಾವ ಕಾಲುವೆಯ ಕೆಳಗೆ ತೋಟ ಮಾಡುತ್ತಿದ್ದರು, ಯಾವ ತಳಿ ಬೆಳೆಯುತ್ತಿದ್ದರು, ಗೊನೆಗೆ ಆಗ ಎಷ್ಟು ಸಿಗುತ್ತಿತ್ತು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ನನಗೂ ತಿಳಿಸಿ. ಮುಂದಿನ ಸಲ ಹಂಪಿಗೆ ಬಂದಾಗ ಮಕ್ಕಳನ್ನು ಕಲ್ಲಿನ ರಥದ ಬಳಿಗೆ ಕರೆದೊಯ್ಯುವ ದಾರಿಯಲ್ಲಿ ತುರ್ತಾ ಕಾಲುವೆಯ ದಂಡೆಯ ಮೇಲೆ ಐದು ನಿಮಿಷ ನಿಲ್ಲಿಸಿ, ಆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ತೋರಿಸಿ.